ಮೊದಲ ಮಾತಿಗೆ ಒಪ್ಪದವನು

ಬೆಳಿಗ್ಗೆಯಿಂದ ಬೀಜದ ವ್ಯಾಪಾರಿ ಮುರುಗೇಂದ್ರಪ್ಪ ಒಂದೇ ಶೇಂಗಾಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತ ಕೂತಿದ್ದ. ಒಳಗೆ ಬೀಜ ಗಲಗಲ ಅನ್ನುತ್ತಿತ್ತು. ಗಲಗಲ ಅಂದರೆ ಕಾಯಿ ಒಣಗಿದೆ ಅಂತ. ಅದನ್ನು ತಿಳಿಯಲು ಚಳ್ಳಕೆರೆ ಮಾರ್ಕೆಟ್ಟಿನಲ್ಲಿ ಹುಟ್ಟಿದ ಬೆಕ್ಕಿಗೂ ಎರಡನೇ ಸಲ ಅಲ್ಲಾಡಿಸುವ ಅಗತ್ಯವಿಲ್ಲ. ಗುಮಾಸ್ತ ವೀರೇಶ ನೋಡುವಷ್ಟು ನೋಡಿ, "ಅಣ್ಣಾರೆ, ಆ ಕಾಯಿಗೆ ತಲೆಸುತ್ತು ಬಂದಿರ್ತೈತೆ, ಕೆಳಗಿಡ್ರಿ," ಅಂದ. ಮುರುಗೇಂದ್ರಪ್ಪನಿಗೆ ಅದು ಕೇಳಿಸಲಿಲ್ಲ. ಹೆಂಡತಿ ದ್ರಾಕ್ಷಾಯಣಮ್ಮ ಬೇಸಿಗೆಯ ಒಂದು ಮಧ್ಯಾಹ್ನ ಅಡಿಗೆಮನೆಯ ಬಾಗಿಲು ಮುಂದೆ ಮಾಡಿ, ಕರೆದು, "ನಿಮ್ ಬೆರಳಿಗೆ ಬೀಜ ಗೊತ್ತಾಗ್ತೈತಲ್ಲ, ಇಲ್ಲಿ ಮುಟ್ಟಿ ನೋಡ್ರಿ," ಎಂದು ಎಡ ಎದೆಯ ಪಕ್ಕಕ್ಕೆ ಅವನ ಕೈ ಎಳೆದು ಇಟ್ಟದ್ದು ನೆನಪಾಗುತ್ತಿತ್ತು. ಅವನು ಕಣ್ಣು ಮುಚ್ಚಿ ಮುಟ್ಟಿದ್ದ. ಮುಟ್ಟಿ, ಮೂವತ್ತು ವರ್ಷದ ಅಭ್ಯಾಸಬಲದಿಂದ, ಏನನ್ನಬಾರದೋ ಅದನ್ನೇ ಅಂದಿದ್ದ: "ಸಣ್ಣದೇ. ಆದ್ರೆ ಜೊಳ್ಳಲ್ಲ." ಅವಳು ನಕ್ಕಿದ್ದಳು. ಆಮೇಲೆ ದಾವಣಗೆರೆಯ ದೊಡ್ಡ ಆಸ್ಪತ್ರೆಯಲ್ಲಿ ಸೂಜಿ ಹಾಕಿ, ಗಾಜಿನ ಮೇಲೆ ಸವರಿ, ಡಾಕ್ಟರಮ್ಮ ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ.

ಈ ಮನುಷ್ಯನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇವನು ಜನ್ಮದಲ್ಲಿ ಯಾರ ಮೊದಲ ಮಾತಿಗೂ ಹೂಂ ಅಂದವನಲ್ಲ. ಬಳ್ಳಾರಿಯ ದಲ್ಲಾಳಿ ಎಂಥ ರೇಟು ಕೂಗಿದರೂ ಇವನ ಬಾಯಿಂದ ಬರುವುದು ಒಂದೇ: "ನೋಡ್ತೀನಿ, ಆಮೇಲೆ ಹೇಳ್ತೀನಿ." ಅಪ್ಪ ಕಲಿಸಿದ ಪಾಠ ಅದು. ತಾನಾಗಿ ಕರೆದು ಕೊಡೋ ಮಾಲಿನಲ್ಲಿ ಹುಳ ಇರ್ತೈತೆ ಮಗನೇ, ಕಾದೋನಿಗೇ ಕಾಳು. ಕಾಯುವುದರಲ್ಲಿ ಇವನನ್ನು ಮೀರಿಸುವವರು ತಾಲ್ಲೂಕಿನಲ್ಲೇ ಇರಲಿಲ್ಲ; ಬೇಕಾದರೆ ಜಟಿಂಗ ರಾಮೇಶ್ವರನ ಬೆಟ್ಟದ ಮೇಲಿನ ಬಂಡೆಗಳು ಇದ್ದಾವು. ಮೊಳಕಾಲ್ಮುರಿಗೆ ಹೆಣ್ಣು ನೋಡಲು ಹೋದಾಗಲೂ, "ಹುಡುಗಿ ಒಪ್ಪಿಗೆ ಏನಪ್ಪಾ?" ಎಂದು ಮಾವ ಕೇಳಿದರೆ ಇವನು ಉಪ್ಪಿಟ್ಟು ನುಂಗಿ, "ನೋಡ್ತೀನಿ, ಆಮೇಲೆ ಹೇಳ್ತೀನಿ," ಅಂದುಬಿಟ್ಟಿದ್ದ. ಜಮಖಾನದ ಮೇಲಿದ್ದವರೆಲ್ಲ ಮುಖ ಮುಖ ನೋಡಿಕೊಂಡರು. ಒಳಗಿನಿಂದ ಹುಡುಗಿಯ ದನಿ ಬಂತು: "ನಾನಂತೂ ನೋಡಾಯ್ತು, ನಂಗೊಪ್ಪಿಗೆ ಐತೆ. ಅವ್ರು ನಿಧಾನಕ್ಕೆ ನೋಡ್ಲಿ." ಹಾಗೆ ಆದ ಮದುವೆ ಅದು.

ಅಂಥವನಿಗೆ ಆ ಫೋನು ಬಂದದ್ದು, ಬರಬಾರದ ಹೊತ್ತಿನಲ್ಲಿ. ಈಗ ಮಾರ್ಕೆಟ್ಟಿನಲ್ಲಿ ಎಲ್ಲ ಕಂಪ್ಯೂಟರಿನ ಟೆಂಡರು. ಆದರೂ ಬಿತ್ತನೆ ಬೀಜದ ವ್ಯವಹಾರವನ್ನು ಹಳಬರು ಇವತ್ತಿಗೂ ಟವೆಲ್ಲಿನ ಕೆಳಗೆ ಕೈಯಲ್ಲೇ ಮುಗಿಸುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಅಂಗೈ ಹಿಡಿದರೆ ಐದು; ಬಾಯಿಗೆ ಕೆಲಸವಿಲ್ಲ, ಪಕ್ಕದವನಿಗೆ ಸುಳಿವಿಲ್ಲ. ಅವತ್ತು ಬಲಗೈ ಟವೆಲ್ಲಿನ ಕೆಳಗೆ ಒಬ್ಬ ಮುದುಕನ ಕೈಯಲ್ಲಿತ್ತು, ಎಡಗೈಯಲ್ಲಿ ಫೋನು. ಆಸ್ಪತ್ರೆಯಿಂದ ರೂಪ ಎಂಬ ಹುಡುಗಿ, ಆಪರೇಷನ್ನಿನ ದಿನ ಗೊತ್ತುಮಾಡುವವಳು. "ಸಾರ್, ನಿಮ್ ಮನೆಯೋರಿಗೆ ಮುಂದಿನ ತಿಂಗ್ಳು ಕೊಟ್ಟಿದ್ವಲ್ಲ, ನಾಡಿದ್ದೇ ಒಂದು ಜಾಗ ಖಾಲಿ ಆಗೈತೆ. ಕರ್ಕೊಂಡು ಬರ್ತೀರಾ?" ಬಲಗೈಯ ಬೆರಳು ಮುದುಕನ ಎರಡು ಬೆರಳನ್ನು ಬೇಡ ಎಂದು ತಳ್ಳಿತು. ಬಾಯಿ, ಅದರ ಅಣ್ಣನೋ ತಮ್ಮನೋ ಎಂಬಂತೆ, ಅದೇ ಕೆಲಸ ಮಾಡಿತು. "ನೋಡ್ತೀನಮ್ಮ, ಆಮೇಲೆ ಹೇಳ್ತೀನಿ."

ಅವನಾಗಿ ಯೋಚಿಸಿ ಹೇಳಿದ ಮಾತಲ್ಲ ಅದು. ಯೋಚಿಸಿದ್ದರೆ ದೇವರಾಣೆಗೂ ಹೇಳುತ್ತಿರಲಿಲ್ಲ. ಆದರೆ ಹೇಳಿದ ಮೇಲೆ ಒಳಗೆಲ್ಲೋ ಒಂದು ಸಣ್ಣ ಸಮಾಧಾನ ಆದದ್ದು ಮಾತ್ರ ನಿಜ: ಕರೆದು ಕೊಡ್ತಿದಾರೆ ಅಂದರೆ ಏನೋ ಐತೆ, ಡಾಕ್ಟರು ಹೊಸಬರಿರಬೇಕು, ಸ್ವಲ್ಪ ತಡೆದರೆ ಇನ್ನೂ ಒಳ್ಳೆಯ ದಿನ ಸಿಗುತ್ತೆ. ಮುದುಕನ ಬೀಜ ಅಳೆಸಿ, ಟೀ ಕುಡಿದು, ಆರಾಮಾಗಿ ಫೋನು ಮಾಡಿದರೆ ರೂಪ, "ಅಯ್ಯೋ, ಆಗ್ಲೇ ಕೊಟ್ಬಿಟ್ವಲ್ಲ ಸಾರ್. ನಿಮ್ ಕಡೆಯೋರೇ ಒಬ್ರು ದಿನಾ ಬಾಗ್ಲಲ್ಲೇ ಕೂತಿರ್ತಿದ್ರು, ಅವ್ರಿಗೆ," ಅಂದಳು. ಯಾರು ಎಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಬಾಗಿಲಲ್ಲಿ ಕಂಬಳಿ ಹಾಸಿಕೊಂಡು ಕೂತವನು ಆಸ್ಪತ್ರೆಗೆಲ್ಲ ಒಬ್ಬನೇ ಇದ್ದ: ಕೊಂಡ್ಲಹಳ್ಳಿಯ ದೊಡ್ಡಪಾಲಯ್ಯ, ಕುರಿಯವನು, ಹೆಂಡತಿಯ ಆಪರೇಷನ್ನಿಗೆ ಕಾದಿದ್ದವನು. ತಪಾಸಣೆಗೆ ಹೋದಾಗ ಇವನೇ ಅವನಿಗೆ ಎಲೆಅಡಿಕೆ ಕೊಟ್ಟು, "ಹಿಂಗೆ ಕೂತ್ರೆ ಬೇಗ ಕರೀತಾರೇನೋ ಮಾರಾಯ?" ಎಂದು ನಕ್ಕಿದ್ದ.

ಹೆಂಡತಿಗೆ ಹೇಳಲಿಲ್ಲ. ಇವತ್ತು ಹೇಳೋಣ, ಊಟ ಆಗಲಿ. ಊಟ ಆಯಿತು, ನಿದ್ದೆ ಮಾಡಲಿ. ನಿದ್ದೆಯಿಂದ ಎದ್ದಳು, ಪಾಪ ನಗುತ್ತಿದ್ದಾಳೆ, ಈಗ ಬೇಡ. ಮಾತನ್ನೂ ಗೋದಾಮಿಗೆ ಹಾಕಿ ಕೂತ. ನಡುವೆ ಒಂದು ದಿನ ಡಾಕ್ಟರಮ್ಮನ ಎದುರು ಒಬ್ಬನೇ ಹೋಗಿ, "ನಮ್ ಕಡೆಯೋರು ಒಬ್ರು, ಹಿಂಗೇ ಆಪರೇಷನ್ ತಡ ಮಾಡಿದ್ರು. ಎಷ್ಟು ನಷ್ಟ ಆಗಿರ್ಬೋದು?" ಎಂದು ಕೇಳಿದ. ಡಾಕ್ಟರಮ್ಮ ಕನ್ನಡಕ ತೆಗೆದು ನೋಡಿದರು. "ನೂರಾರು ಜನರನ್ನ ಸೇರಿಸಿ ನೋಡಿದ್ರೆ, ಕಾದಷ್ಟೂ ಕಾಯಿಲೆ ಮತ್ತೆ ಬರೋ ಸಾಧ್ಯತೆ ಸ್ವಲ್ಪ ಸ್ವಲ್ಪ ಜಾಸ್ತಿ ಆಗೋದು ಕಾಣುತ್ತೆ. ಆದ್ರೆ ಒಬ್ಬರ ವಿಷ್ಯದಲ್ಲಿ ಇಷ್ಟೇ ಅಂತ ಯಾರೂ ಹೇಳೋಕಾಗಲ್ಲ. ಐದು ವರ್ಷ ಏನೂ ಬರದೆ ದಾಟಿದ್ರೆ ಧೈರ್ಯ ತಗೋಬಹುದು." "ಐದು ವರ್ಷ ಆದ್ಮೇಲಾದ್ರೂ ಗೊತ್ತಾಗ್ತೈತಾ, ಆ ತಡದಿಂದ್ಲೇ ಆಯ್ತೋ ಇಲ್ವೋ ಅಂತ?" "ಇಲ್ಲ," ಅಂದರು. ಮುರುಗೇಂದ್ರಪ್ಪನ ಮಾರ್ಕೆಟ್ಟಿನಲ್ಲಿ ಇವತ್ತು ಕಳಕೊಂಡದ್ದು ಎಷ್ಟೆಂದು ನಾಳೆ ಬೆಳಿಗ್ಗೆ ಬೋರ್ಡಿನ ಮೇಲೆ ಬರೆದಿರುತ್ತದೆ, ಎದೆ ಬಡಿದುಕೊಂಡು ಹೊಸದು ಶುರುಮಾಡಬಹುದು. ಇದು ಯಾವ ಸೀಮೆಯ ವ್ಯಾಪಾರ, ನಷ್ಟ ಆಯಿತೋ ಇಲ್ಲವೋ ಅಂತಲೇ ಸಾಯುವವರೆಗೂ ತಿಳಿಯದ್ದು?

ಕೊನೆಗೆ ಶೇಂಗಾಕಾಯಿಯನ್ನು ಜೇಬಿಗೆ ಹಾಕಿಕೊಂಡು ಎದ್ದ. "ಎಲ್ಲಿಗ್ರಿ?" ಎಂದ ವೀರೇಶ. ದ್ರಾಕ್ಷಾಯಣಮ್ಮ ತವರಿಗೆ ಹೋಗಿದ್ದಳು; ಆಪರೇಷನ್ನಿಗೆ ಮೊದಲು ಅಣ್ಣ ದೊಡ್ಡೀರಪ್ಪನ ಮನೆಯಲ್ಲಿ ನಾಲ್ಕು ದಿನ ಮಲಗಿ ಎದ್ದು ಬರ್ತೀನಿ ಎಂದಿದ್ದಳು. "ಮೊಳಕಾಲ್ಮುರಿಗೆ. ಹೆಂಡ್ತೀನ ಕರ್ಕೊಂಡು ಬರಾಕೆ," ಎಂದ. ಅರ್ಧ ಸತ್ಯ. ಇನ್ನರ್ಧ ಕೊಂಡ್ಲಹಳ್ಳಿಯಲ್ಲಿತ್ತು. ತಾನು ಬಿಟ್ಟ ಮಾಲು ಬೇರೆಯವನ ಮನೆಯಲ್ಲಿ ಹೇಗಿದೆ ಎಂದು ಕಣ್ಣಾರೆ ನೋಡದಿದ್ದರೆ ವ್ಯಾಪಾರಿಗೆ ನಿದ್ದೆ ಬರುವುದಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಕಾರು ನಿಲ್ಲಿಸಿ ರೋಗಿಗೆಂದು ಮೋಸಂಬಿ ಕೊಂಡ. ಕೊಳ್ಳುವಾಗ ಬೇಡ ಬೇಡವೆಂದರೂ ಬಾಯಿ ಚೌಕಾಶಿ ಮಾಡಿತು, ಹಣ್ಣಿನವಳು ಒಂದು ಮೋಸಂಬಿಯನ್ನು ಹೆಚ್ಚಿಗೆ ಹಾಕಿ, "ತಗೊಳ್ರಿ ಸಾವ್ಕಾರ್ರೆ, ಬದುಕಿಕೊಳ್ರಿ," ಅಂದಳು.

ತಳಕು ದಾಟಿದ ಮೇಲೆ ರಸ್ತೆ ನೇರ, ಬಿಸಿಲು ಇನ್ನೂ ನೇರ. ಕಾರಿನೊಳಗೆ ಅವನು ಮಾತಿನ ತಾಲೀಮು ಮಾಡುತ್ತಿದ್ದ. ಏನಿಲ್ಲ ಪಾಲಯ್ಯ, ಈ ಕಡೆ ಬೆಳೆ ನೋಡಾಕೆ ಬಂದಿದ್ದೆ, ಹಂಗೇ... ಕಳೆದ ತಿಂಗಳು ಕುದಾಪುರದ ಹುಲ್ಲುಗಾವಲಿನ ಕಡೆ ಹೋದಾಗ, ಆ ವಿಜ್ಞಾನಿಗಳ ಕೇಂದ್ರದ ಉದ್ದುದ್ದ ಗೋಡೆ ನೋಡಿ ದ್ರಾಕ್ಷಾಯಣಮ್ಮ ಕೇಳಿದ್ದಳು: "ರಾಕೆಟ್ ಬಿಡೋರು ಹತ್ತು ಒಂಬತ್ತು ಎಂಟು ಅಂತ ಎಣಿಸ್ತಾರಲ್ಲ, ನಿಮ್ಮನ್ನ ಅಲ್ಲಿ ಕೂರಿಸಿದ್ರೆ ಹೆಂಗೆ?" ಅವಳೇ ಉತ್ತರ ಕೊಟ್ಟಿದ್ದಳು. "ಒಂದಕ್ಕೆ ಬಂದ್ಮೇಲೆ, ನೋಡ್ತೀನಿ ಅಂತ ಮತ್ತೆ ಹತ್ತರಿಂದ ಶುರು ಮಾಡ್ತಿದ್ರಿ." ನಕ್ಕೂ ನಕ್ಕೂ ಎದೆ ಹಿಡಿದುಕೊಂಡಿದ್ದಳು, ಎಡಗಡೆ.

ದೊಡ್ಡಪಾಲಯ್ಯನ ಮನೆ ಊರ ಅಂಚಿನಲ್ಲಿ. ಅವನು ಕುರಿ ಹೊಡೆದುಕೊಂಡು ಹೋಗಿದ್ದ. ಅವನ ಹೆಂಡತಿ ಯರ್ರಮ್ಮ ಅಂಗಳದ ಹೊರಸಿನ ಮೇಲೆ, ಎಡಗೈಯನ್ನು ಎದೆಗೆ ಒತ್ತಿಕೊಂಡು, ಬಲಗೈಯಲ್ಲಿ ಕೋಲು ಹಿಡಿದು ಕೋಳಿಗಳನ್ನು ಬಯ್ಯುತ್ತಿದ್ದಳು. ದನಿ ಗಟ್ಟಿಯಾಗಿತ್ತು. ಅಷ್ಟು ಗಟ್ಟಿ ಇರಬಾರದಿತ್ತು ಎಂದು ಒಂದು ಕ್ಷಣ ಅನ್ನಿಸಿತು ಮುರುಗೇಂದ್ರಪ್ಪನಿಗೆ, ಅನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆಸ್ಪತ್ರೆಯಲ್ಲಿ ಪಾಲಯ್ಯನ ಪರಿಚಯ, ಹೋಗ್ತಾ ಇದ್ದೆ, ನೋಡ್ಕೊಂಡು ಹೋಗೋಣ ಅಂತ, ಎಂದು ತಾಲೀಮಿನ ಮಾತುಗಳನ್ನೆಲ್ಲ ತಲೆಕೆಳಗಾಗಿ ಹೇಳಿ ಮೋಸಂಬಿ ಇಟ್ಟ.

"ಕೂತ್ಕೊಳಪ್ಪಾ," ಅಂದಳು ಯರ್ರಮ್ಮ. "ನನ್ನ ಗಂಡ ದಡ್ಡ ಅಂತಿದ್ದೆ. ಆ ಹುಡ್ಗಿ ಬಾಗ್ಲು ತೆಗ್ದು 'ನಾಡಿದ್ದು' ಅಂದ್ಲಂತೆ ನೋಡು, ಆಪರೇಷನ್ನೋ ಅರಿಶಿನಕುಂಕುಮವೋ ಅಂತ ಸೈತ ಕೇಳ್ದೆ ಹೂಂ ಅಂದ್ಬಿಟ್ಟವ್ನೆ. ಅದೇ ಕೈ ಹಿಡೀತು." ಆಮೇಲೆ ಕೋಲು ಕೆಳಗಿಟ್ಟು ದನಿ ತಗ್ಗಿಸಿದಳು. "ಆದ್ರೆ ಆ ತಾಯಿದೇ ಕೊರಗು ನಂಗೆ."

"ಯಾವ ತಾಯಿ?"

"ಆ ಜಾಗ ಯಾರ್ದೋ ಇತ್ತಲ್ಲಪ್ಪ. ಪಾಪಂ, ಸತ್ತೋಗಿರ್ಬೇಕು. ಇಲ್ದಿದ್ರೆ ಬದುಕಿರೋರು ಯಾರಾದ್ರೂ ಬಿಡ್ತಾರಾ ಅಂಥ ಜಾಗನ? ಹೆಸ್ರು ಗೊತ್ತಿಲ್ಲ, ಕುಲ ಗೊತ್ತಿಲ್ಲ. ಅಮಾಸೆ ದಿನ ತಂಬಿಟ್ಟು ಮಾಡಿ, 'ಜಾಗ ಬಿಟ್ಟ ತಾಯಿ, ಸಮಾಧಾನ ಆಗವ್ವ' ಅಂತ ಮಾಳಿಗೆ ಮೇಲೆ ಒಂದು ಎಡೆ ಇಟ್ಟೆ. ಇಡ್ತಿದ್ದಂಗೇ ಕಾಗೆ ಬಂದು ಮುಟ್ತು ನೋಡು, ಒಂದು ಗಳಿಗೆ ತಡ ಮಾಡ್ಲಿಲ್ಲ."

ಕಾಗೆಯೂ ಮೊದಲ ಮಾತಿಗೇ ಒಪ್ಪಿಬಿಟ್ಟಿತ್ತು. ಮುರುಗೇಂದ್ರಪ್ಪ ಮಾಳಿಗೆಯ ಕಡೆ ನೋಡಿದ. ಅಲ್ಲಿ ಒಣಹಾಕಿದ ಮೆಣಸಿನಕಾಯಿ ಬಿಟ್ಟರೆ ಏನೂ ಇರಲಿಲ್ಲ. ಮೂರು ವಾರದಿಂದ ಗೋದಾಮಿನಲ್ಲಿ ಕೂತಿದ್ದ ಮಾತು ಗುರುತುಪರಿಚಯವಿಲ್ಲದ ಈ ಅಂಗಳದಲ್ಲಿ, ಕೋಳಿಗಳ ಎದುರು, ತಾನಾಗಿ ಹೊರಬಿತ್ತು. "ಆಕೆ ಸತ್ತಿಲ್ಲಮ್ಮ. ಆಕೆ ನನ್ ಹೆಂಡ್ತಿ. ನಾನೇ... ನೋಡ್ತೀನಿ ಅಂದೆ."

ಯರ್ರಮ್ಮ ಬಾಯಿ ತೆರೆದುಕೊಂಡು ಕೂತಳು. "ಅಯ್ಯೋ ದೇವುಡಾ! ಯಾಕಪ್ಪಾ?" ಅವನು ಟವೆಲ್ಲು, ಮುದುಕ, ಎರಡು ಬೆರಳು ಎಂದೆಲ್ಲ ತೊದಲಿದ. ಅವಳಿಗೆ ಎಷ್ಟು ಅರ್ಥವಾಯಿತೋ, "ನಿನ್ ಬಾಯಿಗೆ ನನ್ ಕೋಳಿ ಕುಕ್ಕ," ಎಂದು ಬೈದಳು. ಆಮೇಲೆ ಕಣ್ಣು ಒರೆಸಿಕೊಂಡಳು. ಆಮೇಲೆ, ಎದೆಗೆ ಒತ್ತಿದ ಕೈ ಹಾಗೇ ಇಟ್ಟುಕೊಂಡು ಕಷ್ಟಪಟ್ಟು ಎದ್ದು ಒಳಗೆ ಹೋಗಿ, ಮುತ್ತುಗದ ಎಲೆಯಲ್ಲಿ ಸುತ್ತಿದ ತಂಬಿಟ್ಟು ತಂದಳು. "ಇದ್ನ ಆಕೆಗೆ ಕೊಡು. ಸತ್ತೋರು ಅಂತ ಎಡೆ ಇಟ್ಟೀನಿ, ತಪ್ಪಾಯ್ತು, ಬದುಕಿರೋರು ಅಂತ ತಿನ್ಲಿ. ಯಾರು ಕೊಟ್ರು ಅಂತ ಕೇಳಿದ್ರೆ ಸುಳ್ಳು ಹೇಳ್ಬೇಡ, ತಿಳೀತಾ? ಎಡೆಗೆ ಇಟ್ಟಿದ್ದಕ್ಕೆ ಸುಳ್ಳು ಸೇರಿಸಬಾರ್ದು."

ಬಿ.ಜಿ.ಕೆರೆ ಹತ್ತಿರ ಫೋನು ಬಡಿಯಿತು. ಗೊತ್ತಿಲ್ಲದ ನಂಬರು. ಮುರುಗೇಂದ್ರಪ್ಪ ಕಾರು ಪಕ್ಕಕ್ಕೆ ಹಾಕಿ, ಆ ಕಡೆಯವರು "ಸಾರ್—" ಅನ್ನುವುದರೊಳಗೆ, "ಒಪ್ಪಿದೆ! ಒಪ್ಪಿದೆ ಕಣಮ್ಮ, ಯಾವಾಗಾದ್ರೂ ಸರಿ, ಬಂದ್ವಿ!" ಎಂದು ಕೂಗಿದ. ಆ ಕಡೆಯಿಂದ ಬಂದದ್ದು ಗಂಡಸಿನ ದನಿ, ಬಳ್ಳಾರಿಯ ದಲ್ಲಾಳಿ ಸಂಗಮೇಶನದು, ಹೊಸ ಸಿಮ್ಮಿನಿಂದ. "ಮುರುಗೇಂದ್ರಪ್ನೋರೇ? ನಾನಿನ್ನೂ ರೇಟೇ ಹೇಳಿಲ್ವಲ್ರಿ." ಆಮೇಲೆ ಅನುಮಾನದಿಂದ ಕೇಳಿದ: "ಅಲ್ರಿ... ಗೋದಾಮಿನ ಮಾಲಿಗೆ ಹುಳ ಬಿದ್ದೈತೇನ್ರಿ?" ಮುರುಗೇಂದ್ರಪ್ಪ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ನಗತೊಡಗಿದ. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಸಂಗಮೇಶನಿಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ. ಪಾಪ, ಸಂಗಮೇಶ ಹೆದರಿ ಫೋನು ಇಟ್ಟ.

ಮೊಳಕಾಲ್ಮುರಿನಲ್ಲಿ ದೊಡ್ಡೀರಪ್ಪ ಊಟ ಮಾಡಿಸದೆ ಬಿಡಲಿಲ್ಲ. ಪಕ್ಕದ ಮನೆಯ ಮಗ್ಗ ಟಕಾಟಕ್ ಬಡಿಯುತ್ತಿತ್ತು, ಆ ಸದ್ದಿನಲ್ಲಿ ಯಾರ ಮುಖ ಹೇಗಿದೆಯೆಂದು ಯಾರೂ ಗಮನಿಸಲಿಲ್ಲ. ವಾಪಸು ಹೊರಟಾಗ ದ್ರಾಕ್ಷಾಯಣಮ್ಮ ಮುಂದಿನ ಸೀಟಿನಲ್ಲಿ ಕೂತು, ಎಲೆಯ ಗಂಟು ಬಿಚ್ಚಿ, ತಂಬಿಟ್ಟು ಬಾಯಿಗೆ ಹಾಕಿಕೊಂಡು, "ಅಬ್ಬಾ, ಎಷ್ಟು ರುಚಿ! ಯಾರು ಕೊಟ್ರು?" ಅಂದಳು.

ಅವನು ಹೇಳಿದ. ಸುಳ್ಳು ಸೇರಿಸದೆ ಹೇಳಿದ. ಡಾಕ್ಟರಮ್ಮನ ಐದು ವರ್ಷದ ಮಾತನ್ನೂ, ಕಾಗೆ ಮುಟ್ಟಿದ್ದನ್ನೂ ಹೇಳಿದ. ಹೇಳುತ್ತಿದ್ದಾಗ ರಸ್ತೆಯನ್ನೇ ನೋಡುತ್ತಿದ್ದ. ಪಕ್ಕದಲ್ಲಿ ಅಗಿಯುವುದು ನಿಂತದ್ದು ಮಾತ್ರ ಗೊತ್ತಾಯಿತು.

"ನಿಲ್ಸ್ರಿ ಕಾರು."

ಇಳಿದು ಹೋಗಿ ಮೋರಿಯ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತಳು. ದೂರದಲ್ಲಿ ಜಟಿಂಗ ರಾಮೇಶ್ವರದ ಬೆಟ್ಟ ಬಿಸಿಲಿಗೆ ಬಿಳಚಿಕೊಂಡಿತ್ತು. ಅವನು ಹಿಂದೆ ನಿಂತ. ಒಂದು ಲಾರಿ ಹಾರನ್ ಹೊಡೆದು ಹೋಯಿತು. "ಸೀರೆ ತರಾಕೆ ಹೋದ್ರೂ ಚೌಕಾಶಿ," ಎಂದಳು ಬೆಟ್ಟಕ್ಕೆ. "ಕೊತ್ತಂಬರಿ ಸೊಪ್ಪಿಗೂ ಚೌಕಾಶಿ. ನಾನು ನಗ್ತಿದ್ದೆ. ಊರೆಲ್ಲ ನಗ್ತಿತ್ತು, ನಾನೂ ನಗ್ತಿದ್ದೆ. ನನ್ ಜೀವಕ್ಕೂ ಮಾಡ್ತೀರಿ ಅಂತ ಗೊತ್ತಿರ್ಲಿಲ್ಲ." ಅವನು, "ದ್ರಾಕ್ಷಾಯಣಿ, ನಂದು..." ಅಂದ. "ತಪ್ಪಾಯ್ತು ಅನ್ಬೇಡ್ರಿ. ಕ್ಷಮಿಸು ಅಂತ್ಲೂ ಕೇಳ್ಬೇಡ್ರಿ. ಅಳತೆ ಗೊತ್ತಿಲ್ದೆ ಹೆಂಗೆ ಕ್ಷಮಿಸ್ಲಿ?" ಅದು ಅವನೇ ಮೂರು ವಾರದಿಂದ ಸಾವಿರ ಸಲ ಕೇಳಿಕೊಂಡ ಪ್ರಶ್ನೆ. ಅವಳು ಅತ್ತಳು, ಗಟ್ಟಿಯಾಗಿ, ಯಾರು ನೋಡಿದರೇನು ಎಂದು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತಳು. ಸ್ವಲ್ಪ ದೂರ ಹೋದ ಮೇಲೆ ಕನ್ನಡಿಯಲ್ಲಿ ನೋಡಿದರೆ, ಉಳಿದ ತಂಬಿಟ್ಟನ್ನು ತಿನ್ನುತ್ತಿದ್ದಳು. "ಚಳ್ಳಕೆರೆಗೆ ಬ್ಯಾಡ," ಅಂದಳು. "ಸೀದಾ ದಾವಣಗೆರೆಗೆ ನಡೀರಿ. ಆ ಪಾಲಯ್ಯ ಕೂತಿದ್ದ ಜಾಗ ಖಾಲಿ ಐತಲ್ಲ, ಕೂತ್ಕೊಳ್ರಿ ಹೋಗಿ."

ಕೂತ. ಚಳ್ಳಕೆರೆಯ ಬೀಜದ ಸಾಹುಕಾರ ಆಸ್ಪತ್ರೆಯ ಬಾಗಿಲಲ್ಲಿ ಟವೆಲ್ಲು ಹಾಸಿಕೊಂಡು ಕೂತ. ಗುರುತಿನವರು ಒಬ್ಬಿಬ್ಬರು ನೋಡಿ, "ಏನ್ರಿ ಇಲ್ಲಿ?" ಎಂದರೆ, "ಕಾಯ್ತಿದೀನಿ," ಅಂದ. ಕಸ ಗುಡಿಸುವವಳು ಪೊರಕೆಯಿಂದ ಕಾಲು ತಟ್ಟಿ ಎಬ್ಬಿಸಿದಳು, ಎದ್ದ, ಮತ್ತೆ ಕೂತ. ರೂಪ ಬರುವಾಗ ಹೋಗುವಾಗ ನೋಡಿ ನಕ್ಕಳು. ಕೊನೆಗೊಂದು ದಿನ ಬಾಗಿಲು ತೆರೆದು, "ಸಾರ್, ನಾಳೆ—" ಅಂದಳು. ಅವನು ಆಗಲೇ ಎದ್ದು ನಿಂತಿದ್ದ.

ಬೆಳಿಗ್ಗೆ ತಳ್ಳುಗಾಡಿಯ ಮೇಲೆ ದ್ರಾಕ್ಷಾಯಣಮ್ಮನನ್ನು ಮಲಗಿಸಿ ತಂದರು. ಹಸಿರು ಬಟ್ಟೆಯಲ್ಲಿ, ಬಳೆ ತೆಗೆದ ಕೈಯಲ್ಲಿ, ಅವಳು ಬೇರೆ ಯಾರೋ ಅನ್ನಿಸಿತು. ಮೋರಿಯ ಕಟ್ಟೆಯಿಂದ ಈಚೆ ಅವಳು ಬೇಕಾದ್ದಕ್ಕಷ್ಟೇ ಮಾತಾಡಿದ್ದಳು: ನೀರು, ಬಾಚಣಿಗೆ, ದೂರದೂರಿನ ಮಗಳಿಗೆ ಫೋನು. ಒಳಬಾಗಿಲ ಹತ್ತಿರ ಗಾಡಿ ನಿಂತಿತು. ಅವಳು ಕೈ ಚಾಚಿ ಅವನ ಹೆಗಲ ಟವೆಲ್ಲನ್ನು ಎಳೆದುಕೊಂಡಳು, ತನ್ನ ಕೈಮೇಲೆ ಹೊದಿಸಿಕೊಂಡಳು, ಅದರ ಕೆಳಗೆ ಅವನ ಕೈ ಹುಡುಕಿದಳು. ಈ ಭಾಷೆ ಅವಳಿಗೆ ಅವನು ಕಲಿಸಿದ್ದಲ್ಲ. ಮೊಳಕಾಲ್ಮುರಿನ ದನದ ದಲ್ಲಾಳಿಯ ಮಗಳು, ಅಪ್ಪನ ಟವೆಲ್ಲಿನ ಕೆಳಗೇ ಬೆಳೆದವಳು. ಮದುವೆಯಾದ ಹೊಸತರಲ್ಲಿ ತುಂಬಿದ ಮನೆಯಲ್ಲಿ, ಅತ್ತೆಮಾವನ ಎದುರಿಗೇ, ಇಬ್ಬರೂ ಹೀಗೆ ಎಷ್ಟೋ ಮಾತಾಡಿ ಮುಗಿಸಿದ್ದರು.

ಅವಳು ಅವನ ಇಡೀ ಅಂಗೈ ಹಿಡಿದು ಒತ್ತಿದಳು. ಐದು.

ಅವನಿಗೆ ತಿಳಿಯಿತು. ಡಾಕ್ಟರಮ್ಮನ ಐದು. ಐದು ವರ್ಷ ಇರ್ತೀನಿ, ಸರೀನಾ, ಎನ್ನುತ್ತಿದ್ದಾಳೆ. ಮೊದಲ ಮಾತು ಅವಳದು. ಒಪ್ಪಿಬಿಡು, ಮುಂಡೇಗಂಡ, ಇದಕ್ಕಾದರೂ ಒಪ್ಪಿಬಿಡು ಎಂದು ಒಳಗೆ ಯಾರೋ ಕೂಗಿದರು. ಆದರೆ ಅವನ ಕೈ ಅವಳ ಕೈಯನ್ನು ಮೆಲ್ಲಗೆ ತಳ್ಳಿ ಬಿಡಿಸಿಕೊಂಡಿತು, ಸಾಲದು ಎಂದು. ಆಮೇಲೆ ಅವಳ ಐದೂ ಬೆರಳನ್ನು ಹಿಡಿಯಿತು, ಒತ್ತಿತು, ಬಿಟ್ಟಿತು; ಮತ್ತೆ ಹಿಡಿಯಿತು; ಮತ್ತೆ, ಮತ್ತೆ. ಎಣಿಕೆ ತಪ್ಪಿತು, ಆದರೂ ಹಿಡಿಯುತ್ತಲೇ ಇದ್ದ. "ಯಜಮಾನ್ರೆ, ಬಿಡ್ರಿ, ಡಾಕ್ಟ್ರು ಕಾಯ್ತಿದಾರೆ," ಅಂದ ಗಾಡಿಯವನು.

ದ್ರಾಕ್ಷಾಯಣಮ್ಮನ ತುಟಿಯ ತುದಿಯಲ್ಲಿ, ಮೋರಿಯ ಕಟ್ಟೆಯ ನಂತರ ಮೊದಲ ಸಲ, ನಗು ಬಂತು. ಟವೆಲ್ಲು ತೆಗೆದು ಅವನ ಹೆಗಲಿಗೆ ಎಸೆದಳು.

"ನೋಡ್ತೀನಿ," ಅಂದಳು. "ಆಮೇಲೆ ಹೇಳ್ತೀನಿ."

ಗಾಡಿ ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಮುರುಗೇಂದ್ರಪ್ಪ ಟವೆಲ್ಲು ಹಾಸಿಕೊಂಡು ಬಾಗಿಲಲ್ಲಿ ಕೂತ.